ಗುಂಡು ಎಷ್ಟು ದೂರದಿಂದ ಬಂತು: ಸೇನಾ ಪ್ರಯೋಗಾಲಯದಲ್ಲಿ ನನ್ನ ಅನುಭವ

ಸೈನಿಕನೊಬ್ಬ ಗುಂಡೇಟಿಗೆ ಸತ್ತಾಗ ತನಿಖಾಧಿಕಾರಿಗಳು ನಮ್ಮ ಮುಂದಿಡುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ. 'ಈ ಗುಂಡು ಈ ಪಿಸ್ತೂಲಿನದ್ದೇನಾ?' ನಾನು ಅಮೆರಿಕದ ಸೇನೆಯ ಅಪರಾಧ ಪ್ರಯೋಗಾಲಯದಲ್ಲಿ ಬಂದೂಕು ಪರೀಕ್ಷಕನಾಗಿ ಕೆಲಸ ಮಾಡಿದವನು. ಈ ಪ್ರಶ್ನೆಗೆ ಉತ್ತರ ಕೊಡುತ್ತಲೇ ಬಂದಿದ್ದೇನೆ. ಆದರೆ ಕೊಲೆಯಾ, ಆತ್ಮಹತ್ಯೆಯಾ, ಕೈತಪ್ಪಿ ಹಾರಿದ ಗುಂಡಾ ಅಂತ ತಿಳಿಯಲು ಇದಕ್ಕಿಂತ ಜಾಸ್ತಿ ನೆರವಾಗುವುದು ಇನ್ನೊಂದು ಪ್ರಶ್ನೆ. ಗುಂಡು ಹಾರಿದಾಗ ಪಿಸ್ತೂಲಿನ ಬಾಯಿ ದೇಹದಿಂದ ಎಷ್ಟು ದೂರದಲ್ಲಿತ್ತು?

ನಮ್ಮ ಪ್ರಯೋಗಾಲಯ ಶುರುವಾಗಿದ್ದು 1943ರಲ್ಲಿ, ಯುದ್ಧದ ನಡುವೆ, ಅಲ್ಜೀರ್ಸ್‌ನಲ್ಲಿ. ಈಗ ಇರುವುದು ಜಾರ್ಜಿಯಾದ ಫಾರೆಸ್ಟ್ ಪಾರ್ಕ್‌ನಲ್ಲಿ. ಭೂಸೇನೆಯದ್ದಷ್ಟೇ ಅಲ್ಲ, ನೌಕಾಪಡೆ, ವಾಯುಪಡೆ, ಮರೀನ್ ಪಡೆಗಳ ಪ್ರಕರಣಗಳೂ ಇಲ್ಲಿಗೇ ಬರುತ್ತವೆ.

ಊರಿನ ಪೊಲೀಸ್ ಪ್ರಯೋಗಾಲಯಕ್ಕೂ ನಮ್ಮದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಹೊರಗೆ ಒಂದು ಗುಂಡು ಸಿಕ್ಕರೆ ಅದರ ಅಳತೆ, ಅದರ ಮೇಲಿನ ಗೀರುಗಳ ಸಂಖ್ಯೆ, ಅವು ತಿರುಗಿರುವ ದಿಕ್ಕು ಇಷ್ಟನ್ನು ನೋಡಿಯೇ ಎಷ್ಟೋ ಬಂದೂಕುಗಳನ್ನು ಬದಿಗಿಡಬಹುದು. ಸೇನಾ ನೆಲೆಯಲ್ಲಿ ಅದು ನಡೆಯುವುದಿಲ್ಲ. 1985ರಲ್ಲಿ ಆಯ್ಕೆಯಾದ ಎಂ9 ಪಿಸ್ತೂಲು ದಶಕಗಳ ಕಾಲ ಪಿಸ್ತೂಲು ಧರಿಸುವ ಬಹುತೇಕ ಎಲ್ಲರ ಸೊಂಟದಲ್ಲೂ ಇತ್ತು. ಒಂದೇ ಮಾದರಿ, ಒಂದೇ 9 ಮಿಲಿಮೀಟರ್ ಅಳತೆ, ಪೆಟ್ಟಿಗೆಗಟ್ಟಲೆ ಬಂದ ಒಂದೇ ಬಗೆಯ ತೋಟೆ. ಹಾಗಾಗಿ ಆ ಒಂದು ಪಿಸ್ತೂಲಿಗೆ ಮಾತ್ರ ಸೇರಿದ ಸಣ್ಣ ಗುರುತುಗಳನ್ನೇ ಹುಡುಕಬೇಕು. ತೋಟೆಯನ್ನು ಸಿಡಿಸುವ ಮೊಳೆ, ಅಂದರೆ ಫೈರಿಂಗ್ ಪಿನ್ ಬಡಿದ ಕುಳಿ, ತೋಟೆಯ ಹಿಂಭಾಗ ಒತ್ತಿಕೊಂಡ ಅಚ್ಚು, ಬ್ಯಾರಲ್ ಅಂದರೆ ನಳಿಕೆಯ ಒಳಗಿನ ಸೂಕ್ಷ್ಮ ಗೀರು. ನೀರಿನ ತೊಟ್ಟಿಗೆ ಗುಂಡು ಹಾರಿಸಿ ಮಾದರಿ ತೆಗೆದು, ಕಂಪ್ಯಾರಿಸನ್ ಮೈಕ್ರೋಸ್ಕೋಪ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ.

ಇಷ್ಟೆಲ್ಲ ಮಾಡಿ ಹೊಂದಿಕೆಯಾಯಿತು ಅಂದರೂ ಏನು ಗೊತ್ತಾದಂತಾಯಿತು? ಪಿಸ್ತೂಲು ಯಾರ ಹೆಸರಿನಲ್ಲಿದೆ ಅಂತ ಶಸ್ತ್ರಾಗಾರದ ರಿಜಿಸ್ಟರ್‌ನಲ್ಲೇ ಇರುತ್ತದೆ. ಕೋಣೆಯಲ್ಲಿ ಇದ್ದದ್ದು ಇಬ್ಬರು. ಒಬ್ಬ ಸತ್ತಿದ್ದಾನೆ. 'ಅವನೇ ಹೊಡೆದುಕೊಂಡ' ಅಂತ ಇನ್ನೊಬ್ಬ ಹೇಳುತ್ತಿದ್ದಾನೆ. ಯಾವ ಪಿಸ್ತೂಲು ಅನ್ನುವುದರಲ್ಲಿ ಯಾರಿಗೂ ಅನುಮಾನವೇ ಇಲ್ಲ.

ಇಂಥದ್ದೇ ಒಂದು ಪ್ರಕರಣ ನನ್ನ ಮೇಜಿಗೆ ಬಂತು. ಯಾರನ್ನೂ ಗುರುತಿಸುವಂಥ ವಿವರ ಇಲ್ಲಿ ಬರೆಯುವುದಿಲ್ಲ. ಕಳಿಸಿದ ಪಟ್ಟಿಯಲ್ಲಿ ಪಿಸ್ತೂಲು, ಗುಂಡು, ಖಾಲಿ ತೋಟೆ ಇದ್ದವು, ಬಟ್ಟೆ ಇರಲಿಲ್ಲ. ನಾನು ಮೊದಲು ಮಾಡಿದ್ದು ಫೋನ್. ಸತ್ತವನ ಅಂಗಿ ಎಲ್ಲಿ, ಮ್ಯಾಗಜಿನ್‌ನಲ್ಲಿ (ಪಿಸ್ತೂಲಿನಲ್ಲಿ ತೋಟೆ ತುಂಬುವ ಡಬ್ಬಿಯಲ್ಲಿ) ಉಳಿದ ತೋಟೆಗಳು ಎಲ್ಲಿ ಅಂತ ಕೇಳಿದೆ. ಪುಣ್ಯಕ್ಕೆ ಎರಡೂ ಜೋಪಾನವಾಗಿದ್ದವು.

ಜೀವ ಉಳಿಸುವ ಅವಸರದಲ್ಲಿ ವೈದ್ಯಕೀಯ ಸಿಬ್ಬಂದಿ ಅಂಗಿಯನ್ನು ಕತ್ತರಿಸುತ್ತಾರೆ. ಅದು ಸರಿಯೇ. ಆದರೆ ಕತ್ತರಿ ಹೋಗುವ ದಾರಿಯಲ್ಲೇ ಎಷ್ಟೋ ಸಲ ಗುಂಡಿನ ತೂತು ಇರುತ್ತದೆ. ಆಮೇಲೆ ಒದ್ದೆ ಬಟ್ಟೆಯನ್ನು ಮುದ್ದೆ ಮಾಡಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಮುಗಿಯಿತು. ಒಂದು ಕಡೆಯ ಮಸಿ ಇನ್ನೊಂದು ಕಡೆಗೆ ಅಂಟುತ್ತದೆ, ಬೂಸ್ಟು ಹಿಡಿಯುತ್ತದೆ. ಈ ಅಂಗಿಯನ್ನು ಮಾತ್ರ ಯಾರೋ ಹರಡಿ ಒಣಗಿಸಿ, ನಡುವೆ ಕಾಗದ ಹಾಕಿ, ಕಾಗದದ ಚೀಲದಲ್ಲಿ ಇಟ್ಟಿದ್ದರು. ಅವರ ಹೆಸರು ಯಾವ ವರದಿಯಲ್ಲೂ ಎದ್ದು ಕಾಣುವುದಿಲ್ಲ. ನನಗೆ ಅವರ ಬಗ್ಗೆ ದೊಡ್ಡ ಗೌರವ ಇದೆ.

ಗುಂಡಿನ ಜೊತೆ ಬ್ಯಾರಲ್‌ನಿಂದ ಮಸಿ, ಸೀಸದ ಆವಿ, ಸುಟ್ಟ ಮತ್ತು ಅರ್ಧ ಸುಟ್ಟ ಸಿಡಿಮದ್ದಿನ ಕಣಗಳು ಹೊರಬರುತ್ತವೆ. ಪಿಸ್ತೂಲಿನ ಬಾಯಿ ಮೈಗೆ ಒತ್ತಿಕೊಂಡಿದ್ದರೆ ಬಟ್ಟೆ ನಕ್ಷತ್ರದಂತೆ ಹರಿಯಬಹುದು, ಸಿಂಥೆಟಿಕ್ ನೂಲು ಕರಗಬಹುದು. ಸ್ವಲ್ಪ ದೂರವಾದರೆ ಮಸಿ ಕಡಿಮೆಯಾಗಿ ಕಣಗಳು ಅಗಲಕ್ಕೆ ಹರಡುತ್ತವೆ. ಪಿಸ್ತೂಲಿನ ವಿಷಯದಲ್ಲಿ ಸುಮಾರು ಒಂದು ಮೀಟರ್ ದಾಟಿದ ಮೇಲೆ ಬಟ್ಟೆಯ ಮೇಲೆ ಹೇಳಿಕೊಳ್ಳುವಂಥದ್ದು ಏನೂ ಉಳಿಯುವುದು ಅಪರೂಪ.

ಸಮವಸ್ತ್ರದ ಬಣ್ಣದ ಚಿತ್ತಾರದಲ್ಲಿ, ಅದೂ ರಕ್ತದಲ್ಲಿ ನೆನೆದಾಗ, ಇದೊಂದೂ ಬರಿಗಣ್ಣಿಗೆ ಕಾಣುವುದಿಲ್ಲ. ಇನ್‌ಫ್ರಾರೆಡ್ ಫೋಟೋದಲ್ಲಿ ರಕ್ತದ ಕಲೆ ಮಸುಕಾಗಿ, ಮಸಿ ಕಪ್ಪಗೆ ಮೇಲೆ ಬರುತ್ತದೆ. ಆ ಮೊದಲ ಫೋಟೋದಲ್ಲಿ ತೂತಿನ ಸುತ್ತ ಮಸಿಯ ಉಂಗುರ ಇರಲಿಲ್ಲ. ಒತ್ತಿ ಹೊಡೆದದ್ದಲ್ಲ ಅನ್ನುವ ಸೂಚನೆ ಅಲ್ಲೇ ಸಿಕ್ಕಿತು.

ಆಮೇಲೆ ಗ್ರೀಸ್ (Griess) ಎಂಬ ರಸಾಯನಶಾಸ್ತ್ರಜ್ಞರ ಹೆಸರಿನ ಪರೀಕ್ಷೆ. ರಾಸಾಯನಿಕ ಹಚ್ಚಿದ ಫೋಟೋ ಕಾಗದದ ಮೇಲೆ ಅಂಗಿಯನ್ನು ಬೋರಲು ಹಾಕಿ, ಮೇಲೆ ಅಸಿಟಿಕ್ ಆಮ್ಲದಲ್ಲಿ ನೆನೆಸಿದ ತೆಳು ಬಟ್ಟೆ ಹೊದಿಸಿ, ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತುತ್ತೇವೆ. ಮದ್ದಿನ ಕಣದಲ್ಲಿರುವ ನೈಟ್ರೈಟ್ ಕಾಗದದ ಮೇಲೆ ಕಿತ್ತಳೆ ಚುಕ್ಕಿಗಳಾಗಿ ಮೂಡುತ್ತದೆ. ಅದಾದ ಮೇಲೆ ಸೀಸವನ್ನು ತೋರಿಸುವ ರಾಸಾಯನಿಕ, ಸೋಡಿಯಂ ರೋಡಿಜೋನೇಟ್. ಸೀಸ ಇದ್ದಲ್ಲಿ ಮೊದಲು ಗುಲಾಬಿ, ಆಮ್ಲ ಸಿಂಪಡಿಸಿದಾಗ ನೀಲಿ ನೇರಳೆ. ಈ ಕ್ರಮ ತಿರುಗಿಸುವಂತಿಲ್ಲ, ಗ್ರೀಸ್ ಯಾವಾಗಲೂ ಮೊದಲು. ಡಿಎನ್ಎ ವಿಭಾಗದವರು ತಮಗೆ ಬೇಕಾದ್ದನ್ನು ತೆಗೆದುಕೊಳ್ಳುವುದು ಇದೆಲ್ಲಕ್ಕಿಂತ ಮುಂಚೆ.

ಕಾಗದದ ಮೇಲೆ ಕಿತ್ತಳೆ ಚುಕ್ಕಿಗಳು ಅಗಲವಾಗಿ, ವಿರಳವಾಗಿ ಬಂದವು. ಆದರೆ ಬರೀ ಇದನ್ನು ನೋಡಿ ದೂರ ಹೇಳುವುದು ಊಹೆ ಅಷ್ಟೇ. ಅದೇ ಪಿಸ್ತೂಲು, ಮ್ಯಾಗಜಿನ್‌ನಲ್ಲಿ ಉಳಿದಿದ್ದ ಅದೇ ತೋಟೆಗಳು, ಅದೇ ಬಗೆಯ ಬಟ್ಟೆ ಇಟ್ಟುಕೊಂಡು, ಅಳೆದ ಬೇರೆ ಬೇರೆ ದೂರಗಳಿಂದ ಹೊಡೆದು ಹೋಲಿಸಬೇಕು. ತೋಟೆಯ ಲಾಟ್, ಅಂದರೆ ತಯಾರಿಕೆಯ ಕಂತು ಬದಲಾದರೆ ಮದ್ದೂ ಬದಲಾಗಬಹುದು, ಚುಕ್ಕಿಗಳ ಹರಡುವಿಕೆಯೂ ಬದಲಾಗುತ್ತದೆ. ಆ ದಿನ ಫೋನಿನಲ್ಲಿ ತೋಟೆಗಳನ್ನು ಕೇಳಿದ್ದು ಇದಕ್ಕೇ.

ವರದಿಯಲ್ಲಿ ಒಂದೇ ಅಂಕಿ ಬರೆಯುವುದಿಲ್ಲ. ಇಷ್ಟಕ್ಕಿಂತ ಜಾಸ್ತಿ, ಇಷ್ಟಕ್ಕಿಂತ ಕಡಿಮೆ ಅಂತ ಎರಡು ಗಡಿ ಕೊಡುತ್ತೇವೆ. ಇನ್ನೊಬ್ಬ ಪರೀಕ್ಷಕರು ತಾವೇ ನೋಡಿ ಒಪ್ಪಬೇಕು. ಬಟ್ಟೆಯಲ್ಲಿ ಏನೂ ಸಿಗದಿದ್ದಾಗ ಇನ್ನೂ ಎಚ್ಚರ ಬೇಕು. ಕಣ ಇಲ್ಲ ಅಂದಮಾತ್ರಕ್ಕೆ ದೂರದಿಂದ ಹೊಡೆದದ್ದು ಅಂತಲ್ಲ. ನಡುವೆ ದಿಂಬೋ ಕೈಯೋ ಅಡ್ಡ ಇದ್ದಿರಬಹುದು, ರಕ್ತವೇ ತೊಳೆದಿರಬಹುದು.

ಟ್ರಿಗರ್ ಪರೀಕ್ಷೆಯನ್ನೂ ಮಾಡಿದೆ. 'ಬಿದ್ದಾಗ ತಾನಾಗಿ ಹಾರಿತು' ಅನ್ನುವ ಮಾತು ಮುಂದೆ ಬರಬಹುದಿತ್ತು. ಎಂ9ನಲ್ಲಿ ಟ್ರಿಗರ್ ಪೂರ್ತಿ ಎಳೆಯುವ ತನಕ ಫೈರಿಂಗ್ ಪಿನ್ ಅನ್ನು ತಡೆದು ಹಿಡಿಯುವ ಒಂದು ತುಂಡು ಇದೆ. ಅದು ಸರಿಯಾಗಿ ಕೆಲಸ ಮಾಡುತ್ತಿತ್ತು.

ಅಂಗಿಯ ಮೇಲಿನ ಹರಡುವಿಕೆ ಹೋಲುತ್ತಿದ್ದ ದೂರದಲ್ಲಿ, ಸತ್ತವನ ಕೈ ಟ್ರಿಗರ್‌ಗೆ ಎಟುಕುತ್ತಿತ್ತಾ? ಗಾಯದ ಕೋನ, ಕೈಯ ಉದ್ದ ಎರಡನ್ನೂ ಸೇರಿಸಿ ಅದನ್ನು ಹೇಳಬೇಕಾದವರು ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರು. ಸೇನೆಯಲ್ಲಿ ಅವರ ಕಚೇರಿ ಡೆಲಾವೇರ್‌ನ ಡೋವರ್ ವಾಯುನೆಲೆಯಲ್ಲಿದೆ. ನನ್ನ ಗಡಿಗಳನ್ನು ಅವರ ಅಳತೆಯ ಪಕ್ಕ ಇಟ್ಟಾಗ 'ಅವನೇ ಹೊಡೆದುಕೊಂಡ' ಎಂಬ ಕಥೆ ನಿಲ್ಲಲಿಲ್ಲ.

ಕೋರ್ಟ್ ಮಾರ್ಷಲ್‌ನಲ್ಲಿ, ಅಂದರೆ ಸೇನಾ ನ್ಯಾಯಾಲಯದಲ್ಲಿ, ಆರೋಪಿಯ ವಕೀಲರಿಗೂ ಸಾಕ್ಷ್ಯ ಪಡೆಯುವ ಸಮಾನ ಹಕ್ಕು ಇದೆ. ಸೇನಾ ನ್ಯಾಯ ಸಂಹಿತೆಯ 46ನೇ ಕಲಮು ಹಾಗೆ ಹೇಳುತ್ತದೆ. ಅವರ ಪರ ತಜ್ಞರು ನನ್ನ ಟಿಪ್ಪಣಿ, ಫೋಟೋ, ಪರೀಕ್ಷೆಯ ಬಟ್ಟೆ ಎಲ್ಲವನ್ನೂ ತಿರುವಿ ಹಾಕಿದರು. ಹಾಗೆ ನೋಡಬೇಕೆಂದೇ ಅವನ್ನು ಇಡುವುದು. ಕಟಕಟೆಯಲ್ಲಿ ವಕೀಲರು ನನ್ನನ್ನು ಜಾಸ್ತಿ ಹೊತ್ತು ಕೇಳಿದ್ದು ಪಿಸ್ತೂಲಿನ ಹೊಂದಿಕೆಯ ಬಗ್ಗೆ ಅಲ್ಲ. ಗಡಿಗಳನ್ನು ಯಾಕೆ ಅಷ್ಟು ಅಗಲ ಇಟ್ಟಿರಿ, ಇನ್ನೂ ಕಿರಿದಾಗಿಸಬಹುದಿತ್ತಲ್ಲವೇ ಅಂತ. ಪರೀಕ್ಷೆಯ ಬಟ್ಟೆಗಳನ್ನು ಒಂದೊಂದಾಗಿ ತೋರಿಸಿದೆ. ಪಕ್ಕಪಕ್ಕದ ಎರಡು ದೂರಗಳಲ್ಲಿ ಚುಕ್ಕಿಗಳು ಒಂದೇ ರೀತಿ ಕಾಣುತ್ತಿದ್ದವು. ಅವುಗಳ ನಡುವೆ ಗೆರೆ ಎಳೆಯಲು ನನಗೆ ಆಧಾರ ಇರಲಿಲ್ಲ, ಹಾಗಾಗಿ ಎಳೆಯಲಿಲ್ಲ ಎಂದೆ.