ಆಟೋ ರಿಪ್ಲೈನಲ್ಲಿ ಕನ್ನಡ ಕೆಟ್ಟು ಹೋಗ್ತಿದೆಯಾ? ಮೊದಲು ಇಲ್ಲಿ ನೋಡಿ

ಇಳಕಲ್ಲಿನ ಒಂದು ಸೀರೆ ಅಂಗಡಿಯ ವೆಬ್‌ಸೈಟ್ ನಾನು ನೋಡಿಕೊಳ್ಳುತ್ತೇನೆ. ಆರ್ಡರ್ ಬಂದ ಕೂಡಲೇ ಸರ್ವರ್ ತಾನೇ ಕನ್ನಡದಲ್ಲಿ ಒಂದು ಮೇಲ್ ಕಳಿಸಬೇಕು. ಒಂದು ದಿನ ಬಾಗಲಕೋಟೆಯ ಗಿರಾಕಿಯೊಬ್ಬರು ಫೋನ್ ಮಾಡಿ, "ತಮ್ಮಾ, ಏನೇನೋ ಬಂದೈತಿ, ಓದಾಕ ಬರವಲ್ದು" ಅಂದರು. ಎರಡು ದಿನ ಟೆಂಪ್ಲೇಟ್ ತಿದ್ದುತ್ತಾ ಕೂತೆ. ತಪ್ಪು ಅಲ್ಲಿರಲೇ ಇಲ್ಲ.

ಅದಕ್ಕೇ ಹೇಳೋದು, ಮೊದಲು ಕೆಟ್ಟ ಮೇಲನ್ನೇ ಬಿಚ್ಚಿ ನೋಡಿ. ಜಿಮೇಲ್‌ನಲ್ಲಿ ಮೂರು ಚುಕ್ಕೆ ಒತ್ತಿ 'ಶೋ ಒರಿಜಿನಲ್' ಕೊಟ್ಟರೆ ಸರ್ವರ್ ಕಳಿಸಿದ್ದು ಹಾಗೇ ಕಾಣುತ್ತದೆ. ಮೇಲೆ ಹೆಡರ್ (ಯಾರಿಂದ, ಯಾರಿಗೆ, ಸಬ್ಜೆಕ್ಟ್ ಇಂಥ ವಿವರದ ಸಾಲುಗಳು), ನಡುವೆ ಒಂದು ಖಾಲಿ ಸಾಲು, ಕೆಳಗೆ ಬಾಡಿ, ಅಂದರೆ ಪತ್ರ. ಆ ಖಾಲಿ ಸಾಲು ಹೆಡರ್‌ಗಳ ನಡುವೆಯೇ ಬಿದ್ದರೆ, ಅದರ ಕೆಳಗಿನ ಹೆಡರ್‌ಗಳೆಲ್ಲ ಪತ್ರದೊಳಗೆ ಇಳಿದುಬಿಡುತ್ತವೆ, ಪತ್ರ ಯಾವ ಬಗೆಯದು ಅಂತ ಹೇಳುವ ಕಂಟೆಂಟ್-ಟೈಪ್ ಕೂಡ, ಆಮೇಲೆ ಇದು ಯುಟಿಎಫ್-8 (ಕನ್ನಡವನ್ನೂ ಬರೆದಿಡಬಲ್ಲ ಸಂಕೇತ ಪದ್ಧತಿ) ಅಂತ ಮೇಲ್ ಆ್ಯಪ್‌ಗೆ ಹೇಳುವವರೇ ಇರುವುದಿಲ್ಲ. ನನಗೆ ಆಗಿದ್ದೂ ಇದೇ. ಸಬ್ಜೆಕ್ಟನ್ನು ಸ್ಕ್ರಿಪ್ಟ್ ಒಂದು ಫೈಲಿನಿಂದ ಓದುತ್ತಿತ್ತು, ಅದರ ಕೊನೆಯಲ್ಲಿ ಒಂದು ಎಂಟರ್ ಉಳಿದಿತ್ತು, ಅದೇ ಖಾಲಿ ಸಾಲಾಗಿತ್ತು. ಟ್ರಿಮ್ ಮಾಡಿ ಅದನ್ನು ತೆಗೆದೆ, ಸರಿಹೋಯಿತು.

ಹೆಡರ್ ಸರಿಯಿದ್ದರೆ ಅಕ್ಷರ ಹೇಗೆ ಕೆಟ್ಟಿದೆ ನೋಡಿ. ತಲೆ ಮೇಲೆ ಓರೆ ಗೀಟಿರುವ ಸಣ್ಣ ಇಂಗ್ಲಿಷ್ ಎ ಮತ್ತೆ ಮತ್ತೆ ಬಂದರೆ ಕ್ಯಾರೆಕ್ಟರ್ ಸೆಟ್, ಅಂದರೆ ಅಕ್ಷರಗಳ ಸಂಕೇತ ಪಟ್ಟಿ, ತಪ್ಪಾಗಿದೆ. ಬರೀ ಪ್ರಶ್ನೆಗುರುತು ಬಂದರೆ ಕನ್ನಡ ಮೊದಲೇ ಕಳೆದುಹೋಗಿದೆ, ಹೆಡರ್ ತಿದ್ದಿ ಉಪಯೋಗವಿಲ್ಲ. ಡೇಟಾಬೇಸ್ ಮೈಎಸ್‌ಕ್ಯೂಎಲ್ ಆದರೆ ಟೇಬಲ್ಲು, ಕನೆಕ್ಷನ್ನು ಎರಡೂ ಯುಟಿಎಫ್8ಎಂಬಿ4 (ಅದರಲ್ಲಿ ಪೂರ್ತಿ ಯುಟಿಎಫ್-8ಕ್ಕೆ ಇರುವ ಹೆಸರು) ಇವೆಯಾ ನೋಡಿ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಯಾರೋ ಹಳೇ ನುಡಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ತೋರಿಸುವ ಫಾಂಟು) ಟೈಪ್ ಮಾಡಿದ್ದನ್ನು ತಂದು ಅಂಟಿಸಿರುತ್ತಾರೆ. ನಮ್ಮ ಕಡೆ ಇದು ಬಹಳ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಚೆನ್ನಾಗೇ ಕಾಣುತ್ತದೆ, ಪಾಪ ಅವರ ತಪ್ಪಲ್ಲ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸಿ ಹಾಕಿ.

ಸಬ್ಜೆಕ್ಟ್ ನಡುವೆ ಮಾತ್ರ ಒಳಗೆ ಪ್ರಶ್ನೆಗುರುತಿರುವ ಕಪ್ಪು ಡೈಮಂಡ್ ಬರುತ್ತದೆಯಾ? ಸಬ್ಜೆಕ್ಟನ್ನು ತುಂಡು ತುಂಡಾಗಿ ಎನ್‌ಕೋಡ್ ಮಾಡಬೇಕು, ಅಂದರೆ ಸಾದಾ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಸಂಕೇತಕ್ಕೆ ಬದಲಿಸಬೇಕು, ಒಂದು ತುಂಡು 75 ಕ್ಯಾರೆಕ್ಟರ್ ದಾಟುವ ಹಾಗಿಲ್ಲ. ಕನ್ನಡದಲ್ಲಿ ಅಕ್ಷರ, ಕೊಂಬು, ಒತ್ತು ಒಂದೊಂದೂ ಬೇರೆ ಲೆಕ್ಕ, ಅಕ್ಷರಕ್ಕೂ ಕೊಂಬಿಗೂ 3 ಬೈಟ್, ಒತ್ತಿಗೆ 6. 'ಸೀರೆ' ಒಂದೇ 12 ಬೈಟ್ ಆಗುತ್ತದೆ. ಬೇಸ್64 ಅನ್ನೋ ವಿಧಾನದಲ್ಲಿ ಎನ್‌ಕೋಡ್ ಮಾಡಿದರೆ ಒಂದು ತುಂಡಿಗೆ ಹಿಡಿಸೋದು 45 ಬೈಟ್ ಅಷ್ಟೇ. ಬೈಟ್ ಎಣಿಸಿ ಸುಮ್ನೆ ಕತ್ತರಿಸುವ ಸ್ಕ್ರಿಪ್ಟ್ ಅಕ್ಷರವನ್ನೇ ಸೀಳಿಬಿಡುತ್ತದೆ.

ಈ ಕೆಲಸಕ್ಕೆ ಕೋಡ್ ಕೈಯಿಂದ ಬರೆಯಬೇಡಿ, ಲೈಬ್ರರಿಗೆ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿಗೆ) ಬಿಡಿ. ಪಿಎಚ್‌ಪಿಯಲ್ಲಿ ಮೇಲ್ ಕಳಿಸುವ ಪಿಎಚ್‌ಪಿಮೇಲರ್ ಲೈಬ್ರರಿ ಬಳಸಿದರೆ ಕ್ಯಾರೆಕ್ಟರ್ ಸೆಟ್ ಮಾತ್ರ ನೀವೇ ಯುಟಿಎಫ್-8 ಅಂತ ಹಾಕಬೇಕು, ಯಾಕಂದರೆ ಅದರ ಡಿಫಾಲ್ಟ್ ಐಎಸ್‌ಒ-8859-1, ಅದರಲ್ಲಿ ಕನ್ನಡವೇ ಇಲ್ಲ.