ಕ್ಲಾವೆ ಕೈಗೆ ಹತ್ತಿಸಿಕೊಳ್ಳುವುದು ಹೇಗೆ?

1947ರಲ್ಲಿ ಜಾಝ್ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ತನ್ನ ತಂಡಕ್ಕೆ ಕಾಂಗಾ (ಕೈಯಿಂದ ಬಾರಿಸುವ ಎತ್ತರದ ಕ್ಯೂಬಾ ಡೋಲು) ಬಾರಿಸುವವರು ಬೇಕೆಂದಾಗ, ಹವಾನಾದಿಂದ ನ್ಯೂಯಾರ್ಕಿಗೆ ಬಂದು ನೆಲೆಸಿದ್ದ ಮಾರಿಯೋ ಬಾವುಸಾ ತೋರಿಸಿದ್ದು ಕ್ಯೂಬಾದವನೇ ಆದ ಚಾನೋ ಪೋಸೋನನ್ನು. ಮರುವರ್ಷ ಡಿಸೆಂಬರಿನಲ್ಲಿ ಹಾರ್ಲೆಮ್‌ನಲ್ಲಿ ಚಾನೋ ಕೊಲೆಯಾದ. ಆಗಿನ್ನೂ 33 ವರ್ಷ. ಅಷ್ಟರಲ್ಲೇ ಅವನು ಜಾಝ್‌ನ ನಡೆಯನ್ನೇ ಬದಲಿಸಿದ್ದ. ಅದು ಕಿವಿಗೆ ತಿಳಿಯಬೇಕಾದರೆ ಮೊದಲು ಕ್ಯೂಬಾ ಸಂಗೀತದ ತಳದಲ್ಲಿರುವ ಐದು ಪೆಟ್ಟಿನ ಲಯ, ಕ್ಲಾವೆ, ಕೈಗೆ ಹತ್ತಬೇಕು.

ನಮಗೆ ಇದು ಸುಲಭ. ತಕಧಿಮಿಯನ್ನು ನಾಲ್ಕು ಸಲ ಹೇಳಿ, ಒಟ್ಟು 16 ಅಕ್ಷರ. ಪ್ರತಿ 'ತ'ಕ್ಕೆ ಕಾಲು ತಟ್ಟಿ, ನಿಮಿಷಕ್ಕೆ 60ರ ವೇಗದಲ್ಲಿ. ಚಪ್ಪಾಳೆ 1, 4, 7, 11, 13ನೇ ಅಕ್ಷರಕ್ಕೆ. ಇದು ಸೋನ್ ಕ್ಲಾವೆ (ಸೋನ್, ರುಂಬಾ ಎರಡೂ ಕ್ಯೂಬಾದ ಸಂಗೀತ ಶೈಲಿಗಳು), ಮೊದಲರ್ಧಕ್ಕೆ ಮೂರು ಪೆಟ್ಟು, ಉಳಿದರ್ಧಕ್ಕೆ ಎರಡು. ಮೂರನೇ ಪೆಟ್ಟನ್ನು 7ರಿಂದ 8ಕ್ಕೆ ಸರಿಸಿದರೆ ರುಂಬಾ ಕ್ಲಾವೆ.

ಎಲ್ಲರೂ ಎಡವುವುದು 13ರ ನಂತರ. ಅಲ್ಲಿ ಮೂರು ಅಕ್ಷರ ಖಾಲಿ; ಕೈ ಸುಮ್ಮನಿರಲಾರದೆ ಅವಸರಿಸುತ್ತದೆ, ಆವರ್ತ ಮೊಟಕಾಗುತ್ತದೆ. ಬಾಯಿ ನಿಲ್ಲಿಸದಿದ್ದರೆ ಈ ತಪ್ಪಾಗದು. 4 ಮತ್ತು 11ರಲ್ಲಿ ಕಾಲೂ ಕೈ ಜೊತೆ ಬಿದ್ದರೆ ವೇಗ ಇಳಿಸಿ.

ಈ ಲಯ ಬಾರಿಸುವ ಜೋಡಿ ಮರದ ಕೋಲು ಸಿಕ್ಕರೆ ಒಂದನ್ನು ಎಡಗೈಯ ಬೆರಳ ತುದಿ, ಹೆಬ್ಬೆರಳ ಮೇಲೆ ಹಗುರವಾಗಿ ಇಟ್ಟು ಇನ್ನೊಂದರಿಂದ ಬಡಿಯಿರಿ. ಅಂಗೈ ಬೋಗುಣಿಯಂತೆ ಟೊಳ್ಳಾಗಿರಲಿ. ಬಿಗಿಹಿಡಿದರೆ ನಾದ ಸತ್ತು ಬರೀ ಟಕ್ಕೆನ್ನುತ್ತದೆ.

ಹಾಡಿನ ನಡುವೆ ಮೂರು-ಎರಡರ ಕ್ರಮವನ್ನು ತಿರುಗಿಸಬೇಡಿ. ಪಿಯಾನೋ, ಬಾಸ್, ತುತ್ತೂರಿ ಎಲ್ಲವೂ ಅದಕ್ಕೇ ಅಂಟಿಕೊಂಡಿರುತ್ತವೆ.