ಒಬ್ಬರು ಕಥೋಲಿಕ, ಒಬ್ಬರು ಸಿಎಸ್‌ಐ: ಮದುವೆ ಯಾವ ಇಗರ್ಜಿಯಲ್ಲಿ, ಆಮೇಲಿನ ಭಾನುವಾರ ಎಲ್ಲಿ?

ಹಾಲ್ ಬುಕ್ ಆಗಿ, ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋದ ಮೇಲೆ ಧರ್ಮಗುರುಗಳ ಬಾಗಿಲು ತಟ್ಟುವವರು ಬಹಳ. ಕಥೋಲಿಕರು ಮತ್ತು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಥರದ ಪ್ರೊಟೆಸ್ಟಂಟ್ ಸಭೆಯವರ ನಡುವಿನ ಮದುವೆಗಳ ಗೋಳು ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ. ಮೊದಲು ಎರಡೂ ಕಡೆಯ ಪಾದ್ರಿಗಳು, ಆಮೇಲೆ ಹಾಲ್. ಆರು ತಿಂಗಳು ಮುಂಚೆ ಹೊರಟರೆ ನೆಮ್ಮದಿ. ಮೂರು ತಿಂಗಳಿಗಿಂತ ಕಡಿಮೆ ಇದ್ದರೆ ಓಡಾಟ ತಪ್ಪದು.

ಮಂಗಳೂರಿಗೆ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ. ಕೊಂಕಣಿಯಲ್ಲಿ ಪ್ರಾರ್ಥಿಸುವ ಕಥೋಲಿಕರೂ ಕನ್ನಡ, ತುಳುವಿನಲ್ಲಿ ಹಾಡುವ ಪ್ರೊಟೆಸ್ಟಂಟರೂ ಅಂದಿನಿಂದ ನೆರೆಕರೆಯವರು. ಬೆಂಗಳೂರಿನ ಕಚೇರಿ, ಕಾಲೇಜುಗಳಲ್ಲಿ ಪರಿಚಯವಾಗಿ ಮದುವೆಯವರೆಗೆ ಬರುವ ಜೋಡಿಗಳೂ ಈಗ ಸಾಕಷ್ಟು. ಇವರಿಗೆಲ್ಲ ಹೇಳಬೇಕಾದ ಮೊದಲ ಮಾತು ಒಂದೇ. "ಯಾವ ಇಗರ್ಜಿ" (ಯಾವ ಚರ್ಚ್) ಎಂಬುದು ಒಂದು ಪ್ರಶ್ನೆಯಲ್ಲ, ನಾಲ್ಕು ಪ್ರಶ್ನೆ: ಮದುವೆ ಎಲ್ಲಿ, ಭಾನುವಾರ ಎಲ್ಲಿ, ಮಗುವಿನ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಎಲ್ಲಿ, ಕೊನೆಗೆ ಮಣ್ಣು ಎಲ್ಲಿ. ನಾಲ್ಕಕ್ಕೂ ಒಂದೇ ಉತ್ತರ ಇರಲೇಬೇಕೆಂದಿಲ್ಲ. ಆದರೆ ನಾಲ್ಕನ್ನೂ ನಿಶ್ಚಿತಾರ್ಥಕ್ಕೆ ಮುಂಚೆ ಇಬ್ಬರೇ ಕೂತು ಮಾತಾಡಬೇಕು, ಹಿರಿಯರು ಬಾಯಿ ಹಾಕುವ ಮೊದಲೇ.

ದೀಕ್ಷಾಸ್ನಾನ ಯಾವುದು ಎಂಬುದರಿಂದ ಶುರು

ಸಿಎಸ್‌ಐಯಲ್ಲಿ ಆದ ದೀಕ್ಷಾಸ್ನಾನವನ್ನು ಕಥೋಲಿಕ ಧರ್ಮಸಭೆ ಒಪ್ಪುತ್ತದೆ. ಹಾಗಾಗಿ ಈ ಮದುವೆ ಅದರ ಲೆಕ್ಕದಲ್ಲಿ ಅಂತರ್ಧರ್ಮೀಯವಲ್ಲ, "ಮಿಶ್ರ ವಿವಾಹ". ಇದಕ್ಕೆ ಧರ್ಮಾಧ್ಯಕ್ಷರ (ಬಿಷಪರ) ಅನುಮತಿ ಸಾಕು. ಸಂಗಾತಿಗೆ ದೀಕ್ಷಾಸ್ನಾನವೇ ಆಗಿಲ್ಲದಿದ್ದರೆ, ಅಥವಾ ಆದದ್ದು ಸಿಂಧುವಲ್ಲದಿದ್ದರೆ, ಅನುಮತಿ ಸಾಲದು, ವಿನಾಯಿತಿ ಬೇಕು. ವಿನಾಯಿತಿ ಇಲ್ಲದೆ ಆದ ಮದುವೆಯನ್ನು ಕಥೋಲಿಕ ಸಭೆ ಮದುವೆಯೆಂದೇ ಗಣಿಸುವುದಿಲ್ಲ.

ಎಡವುವುದು ಇಲ್ಲೇ. ನೀರಿನಿಂದ, "ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ" ಎಂದು ಹೇಳಿ ಕೊಟ್ಟ ದೀಕ್ಷಾಸ್ನಾನ ಮಾತ್ರ ನಿಲ್ಲುತ್ತದೆ. ಕೆಲವು ಪೆಂಟೆಕೋಸ್ಟಲ್ ಸಭೆಗಳಲ್ಲಿ "ಯೇಸುವಿನ ಹೆಸರಿನಲ್ಲಿ" ಎಂದಷ್ಟೇ ಹೇಳಿ ಮುಳುಗಿಸುತ್ತಾರೆ. ಸಾಲ್ವೇಶನ್ ಆರ್ಮಿಯಲ್ಲಿ ದೀಕ್ಷಾಸ್ನಾನದ ಪದ್ಧತಿಯೇ ಇಲ್ಲ. ಸಂಗಾತಿ ಸಿಎಸ್‌ಐ, ಮೆಥೊಡಿಸ್ಟ್, ಲೂಥರನ್ ಸಭೆಗಳ ಹೊರಗಿನವರಾದರೆ, ಯಾವ ವಾಕ್ಯ ಹೇಳಿ ದೀಕ್ಷಾಸ್ನಾನ ಕೊಟ್ಟರೆಂದು ಅವರ ಪಾಸ್ಟರ್ ಕೈಯಲ್ಲಿ ಬರೆಸಿ ತನ್ನಿ. ಕೊನೆ ವಾರದಲ್ಲಿ ಈ ಪ್ರಶ್ನೆ ಎದ್ದರೆ ತಾರೀಕು ಮುಂದೆ ಹೋಗುತ್ತದೆ.

ಇನ್ನೊಂದು. "ನಾನು ಕಥೋಲಿಕ ಸಭೆ ಬಿಟ್ಟು ಹತ್ತು ವರ್ಷ ಆಯ್ತು, ನನಗೆ ಈ ನಿಯಮ ಅನ್ವಯಿಸುವುದಿಲ್ಲ" ಎನ್ನುವವರಿದ್ದಾರೆ. ಅಂಥವರಿಗೆ ಹಿಂದೆ ಒಂದು ರಿಯಾಯಿತಿ ಇತ್ತು. 2009ರಲ್ಲಿ ಪೋಪ್ ಬೆನೆಡಿಕ್ಟ್ ಅದನ್ನು ತೆಗೆದರು. ಕಥೋಲಿಕ ದೀಕ್ಷಾಸ್ನಾನ ಆದವರು ಈಗ ಎಲ್ಲಿ ಆರಾಧಿಸುತ್ತಿದ್ದರೂ ಆ ಸಭೆಯ ಕಣ್ಣಿನಲ್ಲಿ ಅದರ ವಿವಾಹ ನಿಯಮದೊಳಗೇ ಇದ್ದಾರೆ.

ಕಾಗದಪತ್ರ

ಕಥೋಲಿಕರು ಮನೆಯ ಟ್ರಂಕಿನಲ್ಲಿರುವ ಹಳೆಯ ದೀಕ್ಷಾಸ್ನಾನ ಪತ್ರ ತಂದರೆ ನಡೆಯುವುದಿಲ್ಲ. ಮೂಲ ಇಗರ್ಜಿಯಿಂದ ಆರು ತಿಂಗಳೊಳಗೆ ಹೊಸದಾಗಿ ಪಡೆದ ಪತ್ರವೇ ಬೇಕು. ಕಾರಣ, ದೃಢೀಕರಣ (ಕನ್‌ಫರ್ಮೇಶನ್ ಸಂಸ್ಕಾರ) ಮತ್ತು ಮದುವೆಯ ವಿವರವನ್ನು ಆ ದೀಕ್ಷಾಸ್ನಾನ ರಿಜಿಸ್ಟರಿನ ಅದೇ ಸಾಲಿನ ಬದಿಯಲ್ಲಿ ಬರೆದಿಡುತ್ತಾರೆ. ಬದಿಯ ಜಾಗ ಖಾಲಿ ಇದ್ದರೆ ಹಿಂದೆ ಮದುವೆಯಾಗಿಲ್ಲ ಎಂದು ತಿಳಿಯುತ್ತದೆ. ಹಳೆಯ ಪತ್ರ ಅದನ್ನು ಹೇಳಲಾರದು.

ಸಿಎಸ್‌ಐ ಕಡೆಯಿಂದ ದೀಕ್ಷಾಸ್ನಾನ ಪತ್ರ, ದೃಢೀಕರಣ ಪತ್ರ, ಮದುವೆಗೆ ಅಡ್ಡಿಯಿಲ್ಲ ಎಂಬ ಸಭಾಪಾಲಕರ (ಸಿಎಸ್‌ಐ ಪಾದ್ರಿಗಳ) ಪತ್ರ. ಸಭೆಯ ಚಂದಾ ಬಾಕಿ ಇದ್ದರೆ ಈ ಪತ್ರ ತಡವಾಗುವುದುಂಟು. ಮೊದಲೇ ತೀರಿಸಿ ರಸೀದಿ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಮೂರು ಭಾನುವಾರ ಎರಡೂ ಕಡೆ ಮದುವೆ ಪ್ರಕಟಣೆ ಓದಬೇಕು. ಮೂರನೆಯ ಓದಾದ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪತ್ರ ಹೋಗಬೇಕು. ಊರು ಬೇರೆಯಾದರೆ, ಒಬ್ಬರು ದುಬೈ ಅಥವಾ ಕುವೈತಿನಲ್ಲಿದ್ದರೆ, ಅಲ್ಲಿನ ಇಗರ್ಜಿಯ ಪತ್ರವೂ ಬೇಕು. ಗಲ್ಫಿನಿಂದ ಎರಡೇ ವಾರದ ರಜೆಯಲ್ಲಿ ಬರುವವರು ಇದನ್ನು ಅಲ್ಲೇ ಮುಗಿಸಿ ವಿಮಾನ ಹತ್ತಬೇಕು.

ಹೆಸರಿನ ಕಾಗುಣಿತ ನೋಡಿ. ದೀಕ್ಷಾಸ್ನಾನ ರಿಜಿಸ್ಟರಿನಲ್ಲಿ ಸಂತರ ಹೆಸರು ಮುಂದೆ, ಮನೆ ಹೆಸರು ಹಿಂದೆ. ಆಧಾರಿನಲ್ಲಿ ಕರೆಯುವ ಹೆಸರು, ಅಪ್ಪನ ಹೆಸರಿನ ಮೊದಲಕ್ಷರ. ಮದುವೆ ರಿಜಿಸ್ಟರಿಗೆ ದೀಕ್ಷಾಸ್ನಾನದ ಹೆಸರು ಹೋದರೆ ಪಾಸ್‌ಪೋರ್ಟಿಗೆ ಸಂಗಾತಿಯ ಹೆಸರು ಸೇರಿಸುವಾಗ, ವೀಸಾಕ್ಕೆ ಅರ್ಜಿ ಹಾಕುವಾಗ ಪೇಚಾಟ. ಸಹಿ ಮಾಡುವ ಮುನ್ನ ಎರಡೂ ಹೆಸರು ಬರೆಸಬಹುದೇ ಎಂದು ಕೇಳಿ.

ಕಥೋಲಿಕ ಧರ್ಮಪ್ರಾಂತ್ಯಗಳಲ್ಲಿ ಮದುವೆ ಪೂರ್ವ ತರಬೇತಿ ಶಿಬಿರ ಕಡ್ಡಾಯ, ಸಾಮಾನ್ಯವಾಗಿ ಎರಡು ಮೂರು ದಿನ. ಇಬ್ಬರೂ ಹೋಗಿ. ಪ್ರೊಟೆಸ್ಟಂಟ್ ಸಂಗಾತಿಗೆ ಅಲ್ಲಿ ಎಲ್ಲವೂ ಒಪ್ಪಿಗೆಯಾಗಲಿಕ್ಕಿಲ್ಲ, ಆದರೆ ಮುಂದೆ ಮನೆಯಲ್ಲಿ ಏಳುವ ಪ್ರಶ್ನೆಗಳು ಅಲ್ಲಿಯೇ ಏಳುತ್ತವೆ.

ಯಾರು ಯಾವುದಕ್ಕೆ ಸಹಿ ಹಾಕುತ್ತಾರೆ

ಅನುಮತಿಯ ಅರ್ಜಿಯಲ್ಲಿ ಕಥೋಲಿಕ ಸಂಗಾತಿ ಎರಡು ಮಾತು ಕೊಡಬೇಕು: ತನ್ನ ವಿಶ್ವಾಸವನ್ನು ಬಿಡುವುದಿಲ್ಲ; ಮಕ್ಕಳಿಗೆ ಕಥೋಲಿಕ ದೀಕ್ಷಾಸ್ನಾನ ಕೊಡಿಸಿ ಹಾಗೆಯೇ ಬೆಳೆಸಲು ತನ್ನಿಂದಾದಷ್ಟು ಪ್ರಯತ್ನಿಸುತ್ತೇನೆ. ಪ್ರೊಟೆಸ್ಟಂಟ್ ಸಂಗಾತಿ ಈ ಮಾತು ಕೊಡಬೇಕಾಗಿಲ್ಲ. ಅವರಿಗೆ ಇದನ್ನು ತಿಳಿಸಬೇಕು, ಅಷ್ಟೇ. ಹಿಂದೆ ಇಬ್ಬರಿಂದಲೂ ಮಾತು ತೆಗೆದುಕೊಳ್ಳುತ್ತಿದ್ದರು. 1970ರಲ್ಲಿ ಪೋಪ್ ಆರನೆಯ ಪೌಲರು ಅದನ್ನು ಬದಲಿಸಿದರು. "ಹುಡುಗಿಯನ್ನು ಕನ್ವರ್ಟ್ ಮಾಡಿಸಲೇಬೇಕಂತೆ" ಎಂಬ ಮಾತು ಇನ್ನೂ ಮನೆಮನೆಯಲ್ಲಿ ಓಡಾಡುತ್ತದೆ. ಅದು ನಿಜವಲ್ಲ. ಮದುವೆ ಸಲೀಸಾಗಲೆಂದು ಸಭೆ ಬದಲಿಸುವುದನ್ನು ನಾವು ಯಾರಿಗೂ ಸಲಹೆ ಮಾಡುವುದಿಲ್ಲ. ನಂಬಿಕೆ ಬದಲಾದರೆ ಬದಲಿಸಿ; ಮದುವೆಯ ತಾರೀಕಿಗಾಗಿ ಬೇಡ.

"ತನ್ನಿಂದಾದಷ್ಟು" ಎಂಬ ಪದವನ್ನು ಇಬ್ಬರೂ ನಿಧಾನವಾಗಿ ಓದಿ. ಸಿಎಸ್‌ಐ ಸಂಗಾತಿಗೂ ತನ್ನ ಮಗುವನ್ನು ತನ್ನ ಸಭೆಯಲ್ಲಿ ಬೆಳೆಸುವ ಮನಸ್ಸಿರಬಹುದು. ಅದು ತಪ್ಪಲ್ಲ, ಅನುಮತಿಗೆ ಅಡ್ಡಿಯೂ ಅಲ್ಲ. ಕೊನೆಯ ತೀರ್ಮಾನ ಇಬ್ಬರದು. ಕಥೋಲಿಕ ಸಂಗಾತಿ ಮಾತ್ರ ಮನಸ್ಸಿಲ್ಲದೆ ಸುಮ್ಮನೆ ಸಹಿ ಹಾಕಬಾರದು. ಮಗು ಹುಟ್ಟಿದ ಮೇಲೆ ಆ ಕಾಗದ ಜಗಳದ ಮಧ್ಯಕ್ಕೆ ಬಂದು ಕೂರುತ್ತದೆ.

ಮದುವೆ ಸಿಎಸ್‌ಐಯಲ್ಲೇ ಆಗಬೇಕಿದ್ದರೆ

ಆಗಬಹುದು. ಅದಕ್ಕೆ ಮಿಶ್ರ ವಿವಾಹದ ಅನುಮತಿಯ ಜತೆಗೆ ವಿಧಿಯ ವಿನಾಯಿತಿ ಎಂಬ ಇನ್ನೊಂದು ಕಾಗದ ಬೇಕು. ಕಥೋಲಿಕ ಧರ್ಮಗುರುಗಳ ಮುಂದೆಯೇ ಮದುವೆಯಾಗಬೇಕೆಂಬ ನಿಯಮದಿಂದ ಸಿಗುವ ಬಿಡುಗಡೆ ಅದು. ಕಾರಣ ಬರೆಯಬೇಕು: ಹುಡುಗಿಯ ತಂದೆ ಸಭಾಪಾಲಕರು, ಮನೆತನ ತಲೆಮಾರುಗಳಿಂದ ಆ ಸಭೆಯದು, ಬೇರೆ ಕಡೆ ಮಾಡಿದರೆ ತಾಯ್ತಂದೆ ಬರುವುದಿಲ್ಲ, ಇಂಥವು. ಅರ್ಜಿ ಹೋಗುವುದು ಧರ್ಮಗುರುಗಳ ಮೂಲಕವೇ. ನೇರ ಬಿಷಪ್ ಹೌಸಿಗೆ ಹೋದರೂ ಅಲ್ಲಿಂದ ಅವರ ಬಳಿಗೇ ಕಳಿಸುತ್ತಾರೆ. ಆರಾಧನೆ ನಡೆಸುವವರು ಮಹಿಳಾ ಸಭಾಪಾಲಕಿಯಾದರೂ (ಸಿಎಸ್‌ಐಯಲ್ಲಿ ಮಹಿಳೆಯರಿಗೂ ಅಭಿಷೇಕವಿದೆ) ವಿನಾಯಿತಿ ಇದ್ದರೆ ಮದುವೆ ಸಿಂಧು.

ವಿನಾಯಿತಿ ಪಡೆಯದೆ ಸಿಎಸ್‌ಐಯಲ್ಲಿ ಅಥವಾ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದವರು ಕಾನೂನಿನ ಪ್ರಕಾರ ಗಂಡ ಹೆಂಡತಿಯೇ. ಕಥೋಲಿಕ ಸಭೆಯಲ್ಲಿ ಮಾತ್ರ ಕಥೋಲಿಕ ಸಂಗಾತಿಗೆ ಪರಮ ಪ್ರಸಾದ (ಕಮ್ಯುನಿಯನ್) ತಪ್ಪುತ್ತದೆ. ಆದದ್ದಾಯಿತು ಎಂದು ಕೊರಗಬೇಡಿ, ದಾರಿ ಇದೆ. ಧರ್ಮಗುರುಗಳ ಮುಂದೆ ಇಬ್ಬರು ಸಾಕ್ಷಿಗಳೊಂದಿಗೆ ಸರಳವಾಗಿ ಸಮ್ಮತಿ ಹೇಳಿ ಮದುವೆಯನ್ನು ಸಿಂಧುಗೊಳಿಸಬಹುದು. ಇನ್ನೊಮ್ಮೆ ಸಮ್ಮತಿ ಹೇಳಲು ಸಂಗಾತಿ ಒಪ್ಪದಿದ್ದರೆ, ಹಳೆಯ ಸಮ್ಮತಿಯನ್ನೇ ಮೂಲದಿಂದ ಸಿಂಧುವೆಂದು ಧರ್ಮಾಧ್ಯಕ್ಷರು ಮಾನ್ಯ ಮಾಡುವ ಕ್ರಮವೂ ಇದೆ. ಈ ಎರಡನೆಯದರ ಬಗ್ಗೆ ಬಹಳ ಜನರಿಗೆ ಗೊತ್ತಿಲ್ಲ; ಹೆಸರು ಹಿಡಿದೇ ಕೇಳಿ: ಮೂಲದಿಂದ ಸಿಂಧುಗೊಳಿಸುವಿಕೆ.

ವಚನ ಒಂದೇ ಸಲ

ಬೆಳಿಗ್ಗೆ ಇಲ್ಲಿ, ಸಂಜೆ ಅಲ್ಲಿ, ಎರಡು ಕಡೆ ಉಂಗುರ, ಎರಡು ಕಡೆ ವಚನ. ಎರಡೂ ಬೀಗರನ್ನು ಸಮಾಧಾನ ಮಾಡಲು ಹೊರಟವರು ಮಾಡುವ ಏರ್ಪಾಡು ಇದು. ಕಥೋಲಿಕ ನಿಯಮ ಇದನ್ನು ಸ್ಪಷ್ಟವಾಗಿ ತಡೆಯುತ್ತದೆ. ಇಬ್ಬರು ಪಾದ್ರಿಗಳು ಒಟ್ಟಿಗೆ ನಿಂತು ತಲಾ ಒಬ್ಬರ ಸಮ್ಮತಿ ಕೇಳುವುದೂ ಕೂಡದು. ಸಮ್ಮತಿ ಕೇಳುವವರು ಒಬ್ಬರೇ. ಇನ್ನೊಬ್ಬರನ್ನು ಕರೆದು ವಾಚನ, ಪ್ರಾರ್ಥನೆ, ಆಶೀರ್ವಾದ ಮಾಡಿಸಬಹುದು, ಮಾಡಿಸಬೇಕು ಕೂಡ. ಇನ್ನೊಂದು ಕಡೆ ವಚನವಿಲ್ಲದ ಕೃತಜ್ಞತಾ ಆರಾಧನೆ ಇಟ್ಟುಕೊಂಡರೆ ಆ ಮನೆಯವರಿಗೂ ತಮ್ಮ ಸಭೆಯ ಹಾಡು ಕೇಳಿದ ತೃಪ್ತಿ.

ಮದುವೆ ಕಥೋಲಿಕ ಇಗರ್ಜಿಯಲ್ಲಾದರೆ ಬಲಿಪೂಜೆ (ಮಾಸ್) ಇಲ್ಲದ ವಿಧಿಯನ್ನು ಕೇಳಿ ಪಡೆಯಿರಿ. ಮಿಶ್ರ ವಿವಾಹಕ್ಕೆ ಸಾಮಾನ್ಯ ಕ್ರಮವೇ ಅದು. ಬಲಿಪೂಜೆ ಇಟ್ಟರೆ ಪರಮ ಪ್ರಸಾದದ ಹೊತ್ತಿಗೆ ಹುಡುಗನ ಕಡೆಯವರೆಲ್ಲ ಎದ್ದು ಸಾಲಿಗೆ ನಿಲ್ಲುತ್ತಾರೆ, ಹುಡುಗಿಯ ತಾಯ್ತಂದೆ ಮುಂದಿನ ಬೆಂಚಿನಲ್ಲಿ ಕೂತೇ ಇರುತ್ತಾರೆ. ಪೀಠದ ಮುಂದೆ ಮೊಣಕಾಲೂರಿದ ಹುಡುಗಿಗೂ ಸಿಗುವುದಿಲ್ಲ. ಆ ಗಳಿಗೆ ಮದುವೆಯ ದಿನ ಬೇಡ.

ಕಾನೂನಿನದು ಚಿಕ್ಕದಾಗಿ: 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇಬ್ಬರಿಗೂ ಒಂದೇ. ಹುಡುಗನಿಗೆ 21, ಹುಡುಗಿಗೆ 18. ವಿಶೇಷ ಅನುಮತಿ ಇಲ್ಲದಿದ್ದರೆ ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ ವಿಧಿ ಮುಗಿಯಬೇಕು. ಸಂಜೆ ಮದುವೆಯವರು ಮೇಕಪ್‌ಗೆ ಹೊತ್ತು ಕಳೆಯದಿರಿ. ಸ್ವತಂತ್ರ ಸಭೆಯ ಪಾಸ್ಟರ್ ಮದುವೆ ಮಾಡಿಸುವುದಾದರೆ ಅವರಿಗೆ ಈ ಕಾಯ್ದೆಯ ಲೈಸೆನ್ಸ್ ಇದೆಯೇ ಎಂದು ನೋಡಿಯೇ ಮುಂದುವರಿಯಿರಿ. ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಎರಡೂ ಕಡೆ ಮದುವೆಗೆ ಹಿಂಜರಿಯುತ್ತಾರೆ, ಕ್ಯಾಲೆಂಡರ್ ನೋಡಿ.

ಯಾರಿಗಾದರೂ ಹಿಂದೆ ಮದುವೆಯಾಗಿ ಕೋರ್ಟಿನಲ್ಲಿ ವಿಚ್ಛೇದನ ಸಿಕ್ಕಿದ್ದರೆ, ಕಥೋಲಿಕ ಕಡೆ ಅದಷ್ಟೇ ಸಾಲದು. ಆ ಹಿಂದಿನ ಮದುವೆ ಸಿಎಸ್‌ಐಯಲ್ಲಿ ಇಬ್ಬರು ಸಿಎಸ್‌ಐಯವರ ನಡುವೆ ಆಗಿದ್ದರೂ ಕಥೋಲಿಕ ಸಭೆ ಅದನ್ನು ಸಿಂಧುವೆಂದೇ ನೋಡುತ್ತದೆ. ಧರ್ಮಪ್ರಾಂತ್ಯದ ವಿವಾಹ ನ್ಯಾಯಪೀಠ ಅಸಿಂಧುವೆಂದು ತೀರ್ಪು ಕೊಡಬೇಕು. ಅದು ತಿಂಗಳುಗಟ್ಟಲೆಯ ಕೆಲಸ. ಉಲ್ಟಾ ಕೂಡ ನಿಜ: ಇಗರ್ಜಿ ನ್ಯಾಯಪೀಠದ ತೀರ್ಪು ಕೋರ್ಟಿನ ವಿಚ್ಛೇದನಕ್ಕೆ ಸಮವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಎರಡೂ ಕಾಗದ ಕೈಗೆ ಬರುವವರೆಗೆ ತಾರೀಕು ನಿಶ್ಚಯಿಸಬೇಡಿ.

ಭಾನುವಾರ

ಕಥೋಲಿಕರಿಗೆ ಭಾನುವಾರದ ಬಲಿಪೂಜೆ ಕಡ್ಡಾಯ, ಆದರೆ ಶನಿವಾರ ಸಂಜೆಯ ಬಲಿಪೂಜೆಯೂ ಭಾನುವಾರದ ಲೆಕ್ಕಕ್ಕೆ ಬರುತ್ತದೆ. ಇಬ್ಬರೂ ತಮ್ಮ ಸಭೆ ಬಿಡದೆ ಒಟ್ಟಿಗೆ ಹೋಗಲು ಇಷ್ಟು ಸಾಕು: ಶನಿವಾರ ಸಂಜೆ ಇಗರ್ಜಿ, ಭಾನುವಾರ ಬೆಳಿಗ್ಗೆ ಸಿಎಸ್‌ಐ. ವಾರಕ್ಕೊಂದು ಕಡೆ ಎಂದು ಸರದಿ ಹಾಕಿಕೊಳ್ಳುವುದಕ್ಕಿಂತ ಇದು ಬಾಳುತ್ತದೆ. ಸರದಿಯಲ್ಲಿ ಇಬ್ಬರೂ ಎರಡೂ ಕಡೆ ಅತಿಥಿಗಳಾಗಿಯೇ ಉಳಿಯುತ್ತಾರೆ.

ಸಿಎಸ್‌ಐಯ ಪವಿತ್ರ ಭೋಜನಕ್ಕೆ ಬೇರೆ ಸಭೆಯ ವಿಶ್ವಾಸಿಗಳನ್ನು ಸಾಮಾನ್ಯವಾಗಿ ಕರೆಯುತ್ತಾರೆ. ಕಥೋಲಿಕ ನಿಯಮ ತನ್ನವರಿಗೆ ಅಲ್ಲಿ ಸ್ವೀಕರಿಸಬೇಡಿ ಎನ್ನುತ್ತದೆ. ಹಾಗಾಗಿ ಎರಡೂ ಕಡೆ ಒಬ್ಬರು ಕೂತೇ ಇರಬೇಕಾಗುತ್ತದೆ. ಈ ನೋವು ನಿಜವಾದದ್ದು. ಒಬ್ಬರು ಕೂತಾಗ ಇನ್ನೊಬ್ಬರು ಮರಳಿ ಬಂದು ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥಿಸುವುದನ್ನು ರೂಢಿ ಮಾಡಿಕೊಂಡರೆ ಸ್ವಲ್ಪ ಹಗುರ.

ಮನೆಯ ಪ್ರಾರ್ಥನೆಯಲ್ಲಿ ಚಿಕ್ಕ ಎಡವಟ್ಟುಗಳು. ಒಬ್ಬರ ಬೈಬಲಿನಲ್ಲಿ 73 ಪುಸ್ತಕ, ಇನ್ನೊಬ್ಬರದರಲ್ಲಿ 66. ಒಂದರಲ್ಲಿ "ಸರ್ವೇಶ್ವರ", ಇನ್ನೊಂದರಲ್ಲಿ "ಯೆಹೋವ". ಕರ್ತನ ಪ್ರಾರ್ಥನೆಯಲ್ಲಿ "ಕೇಡಿನಿಂದ ನಮ್ಮನ್ನು ತಪ್ಪಿಸು" ಎನ್ನುವಲ್ಲಿಗೆ ಕಥೋಲಿಕರು ನಿಲ್ಲುತ್ತಾರೆ, ಸಿಎಸ್‌ಐಯವರು "ರಾಜ್ಯವೂ ಬಲವೂ ಮಹಿಮೆಯೂ" ಎಂದು ಮುಂದುವರಿಯುತ್ತಾರೆ. ಯಾವ ಪಾಠ ಎಂದು ಒಮ್ಮೆ ಗೊತ್ತುಮಾಡಿಕೊಳ್ಳಿ. ಮರಿಯಮ್ಮನ ವಿಷಯ ಇಷ್ಟು ಸುಲಭವಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನ ಜನ್ಮದಿನ) ಮಕ್ಕಳು ಹೂವಿನ ಬುಟ್ಟಿ ಹಿಡಿದು ಹೋಗುವುದು, ಹೊಸ ತೆನೆಯನ್ನು ಮನೆಗೆ ತರುವುದು ಸಿಎಸ್‌ಐ ಸಂಗಾತಿಗೂ ಹಿಡಿಸಬಹುದು. ಸಂಜೆಯ ಜಪಸರ (ರೋಸರಿ) ಹಿಡಿಸದಿರಬಹುದು. ಜಪಸರ ಹೇಳುವವರು ಹೇಳಲಿ, ಇನ್ನೊಬ್ಬರು ಕೀರ್ತನೆ ಓದಿ ಮುಗಿಸಲಿ. ಅತ್ತೆಯ ಮನೆಯಲ್ಲಿ ಯಾವುದಕ್ಕೆ ಕೂರುವುದು, ಯಾವುದಕ್ಕೆ ಇಲ್ಲ ಎಂದು ಮಗನೇ ತಾಯಿಗೆ ಹೇಳಬೇಕು, ಸೊಸೆಯಿಂದ ಹೇಳಿಸಬಾರದು.

ಮಗು, ಮತ್ತು ಮಣ್ಣು

ದೀಕ್ಷಾಸ್ನಾನ ಬದುಕಿನಲ್ಲಿ ಒಂದೇ ಸಲ. ಎಲ್ಲಿ ಕೊಟ್ಟರೂ ಇನ್ನೊಂದು ಸಭೆ ಒಪ್ಪುತ್ತದೆ, ಅಜ್ಜಿಯ ಸಮಾಧಾನಕ್ಕೆ ಎರಡನೆಯ ಸಲ ಕೊಡಿಸಬೇಡಿ. ಕಥೋಲಿಕ ಇಗರ್ಜಿಯಲ್ಲಾದರೆ ಸಿಎಸ್‌ಐ ಚಿಕ್ಕಪ್ಪನೋ ಮಾವನೋ ಒಬ್ಬರೇ ಜ್ಞಾನಪಿತರಾಗಲು (ಗಾಡ್‌ಫಾದರ್) ಬರುವುದಿಲ್ಲ. ಒಬ್ಬ ಕಥೋಲಿಕ ಜ್ಞಾನಪಿತ ಅಥವಾ ಜ್ಞಾನಮಾತೆಯ ಜತೆ ಸಾಕ್ಷಿಯಾಗಿ ನಿಲ್ಲಬಹುದು. ಇದನ್ನು ಮೊದಲೇ ಹೇಳಿ ಒಪ್ಪಿಸಿ. ಆ ದಿನ ರಿಜಿಸ್ಟರಿನ ಮುಂದೆ ತಿಳಿದರೆ ಮನಸ್ಸು ಮುರಿಯುತ್ತದೆ. ಮಗುವಿನ ಧರ್ಮೋಪದೇಶ ಮಾತ್ರ ಒಂದೇ ಕಡೆ ಇರಲಿ. ಮೊದಲ ಪರಮ ಪ್ರಸಾದಕ್ಕೆ ಇಗರ್ಜಿಯ ತರಗತಿ, ದೃಢೀಕರಣಕ್ಕೆ ಸಿಎಸ್‌ಐ ಎಂದು ಹಂಚಿದರೆ ಮಗು ಎರಡೂ ಕಡೆ ಹೊರಗಿನದಾಗುತ್ತದೆ.

ಸ್ಮಶಾನದ ಮಾತು ಮದುವೆಗೆ ಮುಂಚೆ ಎತ್ತುವುದು ಅಪಶಕುನ ಎನ್ನುವವರಿದ್ದಾರೆ. ಎತ್ತಿ. ಇಗರ್ಜಿಯ ಸ್ಮಶಾನ ಅಲ್ಲಿನ ಕುಟುಂಬಗಳಿಗೆ, ಸಿಎಸ್‌ಐ ಸ್ಮಶಾನ ಅದರ ಸದಸ್ಯರಿಗೆ. ಕಥೋಲಿಕ ನಿಯಮದಲ್ಲಿ ದೀಕ್ಷಾಸ್ನಾನ ಪಡೆದ ಪ್ರೊಟೆಸ್ಟಂಟ್ ಸಂಗಾತಿಗೂ, ಅವರ ಸಭಾಪಾಲಕರು ಸಿಗದಿದ್ದಲ್ಲಿ, ಅವರ ಇಚ್ಛೆಗೆ ವಿರೋಧವಿಲ್ಲದಿದ್ದಲ್ಲಿ, ಧರ್ಮಾಧ್ಯಕ್ಷರ ವಿವೇಚನೆಯ ಮೇಲೆ ಅಂತ್ಯವಿಧಿ ನಡೆಸಲು ಅವಕಾಶವಿದೆ. ಆದರೆ ಗಂಡ ಹೆಂಡತಿ ಒಂದೇ ಗುಂಡಿಯಲ್ಲೋ ಅಕ್ಕಪಕ್ಕದಲ್ಲೋ ಇರಬಹುದೇ ಎಂಬುದು ಆಯಾ ಇಗರ್ಜಿಯ, ಆಯಾ ಪಾಸ್ಟರೇಟಿನ ಸ್ಥಳೀಯ ನಿಯಮ. ಮದುವೆಯ ನಂತರ ಸಿಎಸ್‌ಐ ಸದಸ್ಯತ್ವ ಉಳಿಯುತ್ತದೆಯೇ, ಚಂದಾ ಯಾರ ಹೆಸರಿನಲ್ಲಿ ಕಟ್ಟಬೇಕು, ಕುಟುಂಬದ ಕಾರ್ಡಿನಲ್ಲಿ ಸಂಗಾತಿಯ ಹೆಸರು ಬರೆಯುತ್ತಾರೆಯೇ ಎಂದು ಎರಡೂ ಕಚೇರಿಗಳಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದು ಮದುವೆ ಪ್ರಮಾಣಪತ್ರದ ಫೈಲಿನಲ್ಲೇ ಇಟ್ಟುಕೊಳ್ಳಿ.